ಸಾಲ ಕಟ್ಟಿ ಕೆಟ್ಟರೋ, ಕಟ್ಟದೆ ಕೆಟ್ಟರೋ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಒಣಮೆಣಸಿನಕಾಯಿ ವ್ಯಾಪಾರ ನಮ್ಮದು. 2022ರ ಬೇಸಿಗೆಯಲ್ಲಿ ಕೊಲಂಬೊಗೆ ಕಳಿಸಿದ ಒಂದು ಕಂಟೇನರ್ ಮಾಲು ಅಲ್ಲಿನ ಬಂದರಿನಲ್ಲೇ ಕೂತುಬಿಟ್ಟಿತು. ಫೋನ್ ಮಾಡಿದರೆ ಗಿರಾಕಿ, "ದುಡ್ಡಿದೆ, ಡಾಲರ್ ಇಲ್ಲ" ಅಂದರು. ಸುಮ್ನೆ ನೆಪ ಹೇಳ್ತಿದ್ದಾರೆ ಅಂದುಕೊಂಡೆ. ಐದು ತಿಂಗಳ ಮೇಲೆ ದುಡ್ಡು ಬಂತು. ಈಗ ಅವರೇ ಮತ್ತೆ ಉದ್ರಿ ಮಾಲು ಕೇಳುತ್ತಿದ್ದಾರೆ. ನನ್ನ ಮಗ ಎಂಬಿಎ ಓದುತ್ತಿದ್ದಾನೆ. ವಿದೇಶಿ ಸಾಲ ತೀರಿಸೋಕೆ ಹೋಗಿಯೇ ಇಂಥ ದೇಶಗಳ ಉತ್ಪಾದನೆ ಬೀಳೋದು, ಕಟ್ಟಲ್ಲ ಅಂದುಬಿಟ್ಟರೆ ಒಳ್ಳೇದು ಅಂತಾನೆ. ನನ್ನ ತಮ್ಮ, ಸಾಲ ಅಂದಮೇಲೆ ಹೊಟ್ಟೆ ಕಟ್ಟಿಯಾದರೂ ತೀರಿಸಬೇಕು ಅಂತಾನೆ. ನಮ್ಮ ದೇಶದ ವಿದೇಶಿ ಸಾಲವೂ ಏರುತ್ತಿದೆ ಅಂತ ಟಿವಿಯಲ್ಲಿ ಕೇಳ್ತೀವಿ. ಇವರಲ್ಲಿ ಯಾರು ಹೇಳೋದು ಸರಿ? ನಮಗೂ ಹಾಗಾಗುತ್ತಾ? ಮಾಲು ಕಳಿಸಲೋ ಬೇಡವೋ?

ಉತ್ತರ: ನಿಮ್ಮ ಗಿರಾಕಿ ಹೇಳಿದ್ದು ನೆಪ ಅಲ್ಲ. "ದುಡ್ಡಿದೆ, ಡಾಲರ್ ಇಲ್ಲ." ಈ ವಿಷಯದ ಮೇಲೆ ನಾನು ಓದಿದ ಎಷ್ಟೋ ದಪ್ಪ ಪುಸ್ತಕಗಳಿಗಿಂತ ಅವರ ಮೂರು ಪದ ಚೆನ್ನಾಗಿವೆ. ನಿಮ್ಮ ಮಗ, ನಿಮ್ಮ ತಮ್ಮ ಇಬ್ಬರೂ ಮರೆತಿರುವುದು ಇದನ್ನೇ.

ನೀವು ಸೊಸೈಟಿಯಲ್ಲಿ ಸಾಲ ತೆಗೆದರೆ ರೂಪಾಯಿಯಲ್ಲಿ ದುಡಿಯುತ್ತೀರಿ, ರೂಪಾಯಿಯಲ್ಲೇ ಕಟ್ಟುತ್ತೀರಿ. ದೇಶ ಹೊರಗಿನ ಸಾಲ ಕಟ್ಟುವಾಗ ಎರಡು ಗಂಡಾಂತರ ದಾಟಬೇಕು. ಮೊದಲು ಸರ್ಕಾರದ ಕೈಯಲ್ಲಿ ತನ್ನದೇ ರೂಪಾಯಿ ಇರಬೇಕು. ಅದು ತೆರಿಗೆಯಿಂದ ಬರಬೇಕು. ಆಮೇಲೆ ಆ ರೂಪಾಯಿ ಕೊಟ್ಟರೆ ಡಾಲರ್ ಸಿಗಬೇಕು. ನೋಟು ಮುದ್ರಿಸಿ ಕೊಡಬಹುದಲ್ಲ ಅಂತ ಕೇಳುವವರು ಸಿಕ್ಕಿಬೀಳುವುದು ಇಲ್ಲೇ. ಶ್ರೀಲಂಕಾ ತನ್ನ ರೂಪಾಯಿಯನ್ನು ಎಷ್ಟು ಬೇಕಾದರೂ ಮುದ್ರಿಸಬಹುದು. ಮುದ್ರಿಸಿತು ಕೂಡ. ಡಾಲರ್ ಮುದ್ರಿಸುವ ಯಂತ್ರ ಅಮೆರಿಕದಲ್ಲಿದೆ. ಉಳಿದವರು ಅದನ್ನು ರಫ್ತಿನಿಂದ, ಪ್ರವಾಸಿಗರಿಂದ, ಹೊರದೇಶದಲ್ಲಿ ದುಡಿಯುವ ಮಕ್ಕಳಿಂದ ಗಳಿಸಬೇಕು. ಇಲ್ಲವೇ ಹೊಸ ಸಾಲ ತರಬೇಕು. ಎರಡೂ ಆಗದಿದ್ದರೆ ಉಳಿಯುವ ದಾರಿ ಒಂದೇ: ಬೇರೆ ಕಡೆ ಹೋಗುತ್ತಿದ್ದ ಡಾಲರನ್ನು ತಡೆಯೋದು, ಅಂದರೆ ಆಮದು ನಿಲ್ಲಿಸೋದು. ಸಾಲದ ಕಂತು ಉತ್ಪಾದನೆಗೆ ಕೈ ಹಾಕೋದು ಈ ಬಾಗಿಲಿಂದ. ದೇಶದ ಸಾಲ ತೀರುವುದು ದಿಲ್ಲಿ, ಕೊಲಂಬೊದ ಖಜಾನೆಯಲ್ಲಿ ಅಂತ ನಾವು ಅಂದುಕೊಳ್ಳುತ್ತೇವೆ. ಅದರ ಬೆಲೆ ತೆರುವುದು ಬಂದರಿನಲ್ಲಿ.

ನಾನು ಇದನ್ನು ಮೊದಲು ಕಣ್ಣಾರೆ ಕಂಡಿದ್ದು 1991ರಲ್ಲಿ. ಬೆಂಗಳೂರಿನ ಒಂದು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಆಗಷ್ಟೇ ಸೇರಿದ್ದೆ. ಎಲ್‌ಸಿ ತೆರೆಯುವ ಮೇಜು ನನ್ನದು. ನಿಮಗೆ ಇದು ಗೊತ್ತು, ಬೇರೆ ಓದುಗರಿಗಾಗಿ ಹೇಳುತ್ತೇನೆ: ಮಾಲು ತರಿಸಿಕೊಳ್ಳುವವರ ಪರವಾಗಿ ಬ್ಯಾಂಕು ಮಾರುವವರಿಗೆ "ದುಡ್ಡು ನಾನು ಕೊಡ್ತೀನಿ" ಅಂತ ಬರೆದುಕೊಡುವ ಪತ್ರವೇ ಎಲ್‌ಸಿ. ಪೀಣ್ಯದಿಂದ ಒಬ್ಬರು ಸಣ್ಣ ಕಾರ್ಖಾನೆ ಮಾಲೀಕರು ಬರುತ್ತಿದ್ದರು. ಅವರಿಗೆ ಜರ್ಮನಿಯಿಂದ ಒಂದು ಬಗೆಯ ಉಕ್ಕಿನ ಸರಳು ಬರಬೇಕಿತ್ತು. ಆಮದು ತಗ್ಗಿಸಲು ರಿಸರ್ವ್ ಬ್ಯಾಂಕು 1990ರ ಅಕ್ಟೋಬರ್‌ನಲ್ಲೇ ಒಂದು ನಿಯಮ ಮಾಡಿತ್ತು. ತರಿಸುವ ಸರಕಿನ ಬೆಲೆಯ ಶೇ. 50ರಷ್ಟು ನಗದನ್ನು ಮೊದಲೇ ಬ್ಯಾಂಕಿನಲ್ಲಿ ಕಟ್ಟಬೇಕು. 1991ರ ಏಪ್ರಿಲ್ ಹೊತ್ತಿಗೆ ಅದು ಶೇ. 200 ಆಯಿತು. ಒಂದು ಲಕ್ಷದ ಸರಳಿಗೆ ಎರಡು ಲಕ್ಷ ಮುಂಗಡ! ಆ ಸುತ್ತೋಲೆಯನ್ನು ಅವರ ಮುಂದೆ ಇಟ್ಟೆ. ಎರಡು ಸಲ ಓದಿದರು. "ಸ್ವಾಮಿ, ಇಷ್ಟು ದುಡ್ಡಿದ್ದಿದ್ದರೆ ನಾನ್ಯಾಕೆ ಬ್ಯಾಂಕಿಗೆ ಬರ್ತಿದ್ದೆ?" ಅಂದರು. ಮುಂದಿನ ತಿಂಗಳು ಸ್ಟಾಕ್ ನೋಡಲು ಅವರ ಶೆಡ್ಡಿಗೆ ಹೋದಾಗ ಐದು ಲೇತುಗಳಲ್ಲಿ ಮೂರಕ್ಕೆ ಗೋಣಿತಾಟು ಹೊದಿಸಿದ್ದರು. ಆ ಮನುಷ್ಯ ಹೊರದೇಶದಿಂದ ಒಂದು ಡಾಲರ್ ಸಾಲ ತಂದವರಲ್ಲ.

ಆ ವರ್ಷ ನಮ್ಮ ದೇಶ ಹೊರಗಿನಿಂದ ಗಳಿಸಿದ ಪ್ರತಿ ನೂರರಲ್ಲಿ ಸುಮಾರು 35 ಹಳೇ ಸಾಲದ ಅಸಲು, ಬಡ್ಡಿಗೆ ಹೋಗುತ್ತಿತ್ತು. ಕುವೈತ್ ಯುದ್ಧದಿಂದ ತೈಲ ದುಬಾರಿಯಾಗಿತ್ತು. ಅನಿವಾಸಿ ಭಾರತೀಯರು ಠೇವಣಿ ಕಿತ್ತುಕೊಳ್ಳುತ್ತಿದ್ದರು. ಕೈಯಲ್ಲಿ ಉಳಿದಿದ್ದ ಡಾಲರ್ ಎರಡು ವಾರದ ಆಮದಿಗೆ ಸಾಕಾಗುವಷ್ಟು. ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ವಿಟ್ಜರ್‌ಲೆಂಡಿಗೆ ಹೋಯಿತು. ಜುಲೈನಲ್ಲಿ ಇನ್ನೂ ಸುಮಾರು 47 ಟನ್ ಒತ್ತೆಗೆ ಹೋಯಿತು. ಕಂತು ತಪ್ಪಲಿಲ್ಲ, ನಿಜ. ಆದರೆ 1991-92ರಲ್ಲಿ ಕೈಗಾರಿಕೆಯ ಬೆಳವಣಿಗೆ ಹೆಚ್ಚೂಕಡಿಮೆ ಸೊನ್ನೆಗೆ ಬಂತು. ಇಡೀ ದೇಶದ್ದು ಶೇ. 1ರ ಆಸುಪಾಸು. ಗೋಣಿತಾಟಿನ ಲೆಕ್ಕ ಅದು.

ಈಗ ಶ್ರೀಲಂಕಾ. ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಬಿಡೋಣ. ಅದನ್ನು ಮುಳುಗಿಸಿದ್ದು ಚೀನಾ ಸಾಲ ಅಂತ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. 2017ರಲ್ಲಿ ಹಂಬಂತೋಟ ಬಂದರನ್ನು 99 ವರ್ಷಕ್ಕೆ ಚೀನಾ ಕಂಪನಿಗೆ ಗುತ್ತಿಗೆ ಕೊಟ್ಟಿದ್ದು ನಿಜ. ಆದರೆ ಸಾಲ ತೀರಿಸಲಾಗದೆ ಬಂದರು ಬರೆದುಕೊಟ್ಟರು ಅನ್ನೋದು ಸರಿಯಲ್ಲ. ಗುತ್ತಿಗೆಯಿಂದ ಬಂದ ನೂರು ಕೋಟಿ ಡಾಲರಿಗೂ ಜಾಸ್ತಿ ಹಣ ದೇಶದ ಡಾಲರ್ ಬೊಕ್ಕಸಕ್ಕೆ ಸೇರಿತು, ಬಂದರಿನ ಸಾಲ ಹಾಗೇ ಉಳಿಯಿತು. ಸರ್ಕಾರದ ಹೊರಸಾಲದಲ್ಲಿ ಚೀನಾದ ಪಾಲು ಸುಮಾರು ಐದರಲ್ಲಿ ಒಂದು. ಅದಕ್ಕಿಂತ ದೊಡ್ಡ ಪಾಲು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಬಾಂಡುಗಳದ್ದು, ಅಂದರೆ ಸಾಲಪತ್ರಗಳದ್ದು. ಅವಕ್ಕೆ ಬಡ್ಡಿ ಜಾಸ್ತಿ. ಅಸಲನ್ನು ಒಂದೇ ದಿನ ಒಟ್ಟಿಗೆ ಕೊಡಬೇಕು. ಕೊಂಡವರು ಸಾವಿರಾರು ಜನ, ಯಾರ ಬಾಗಿಲಿಗೆ ಹೋಗಿ "ಆರು ತಿಂಗಳು ತಡೀರಿ" ಅಂತ ಕೇಳೋದು?

2019ರ ಕೊನೆಯಲ್ಲಿ ಅಲ್ಲಿನ ಹೊಸ ಸರ್ಕಾರ ವ್ಯಾಟ್ ತೆರಿಗೆಯನ್ನು ಶೇ. 15ರಿಂದ 8ಕ್ಕೆ ಇಳಿಸಿತು. ಅಂದರೆ ಮೊದಲ ಗಂಡಾಂತರಕ್ಕೆ ಬೇಕಾದ ರೂಪಾಯಿಯನ್ನು ತಾನೇ ಕಳೆದುಕೊಂಡಿತು. ಅದೇ ವರ್ಷ ಈಸ್ಟರ್ ದಿನ ಬಾಂಬ್ ಸ್ಫೋಟಗಳಾಗಿ ಪ್ರವಾಸಿಗರು ಹೆದರಿದ್ದರು. ಆಮೇಲೆ ಕೋವಿಡ್ ಬಂತು. ಎರಡನೇ ಗಂಡಾಂತರಕ್ಕೆ ಬೇಕಾದ ಡಾಲರೂ ಹೋಯಿತು. 2019ರ ಕೊನೆಗೆ 760 ಕೋಟಿ ಡಾಲರ್ ಇದ್ದ ಬೊಕ್ಕಸ ಕರಗುತ್ತಾ ಬಂತು. ಆಮದಿಗೆ ಒಂದೊಂದೇ ಬೀಗ ಬಿತ್ತು. ಕಾರು ನಿಂತಿತು. ಅರಿಸಿನವೂ ನಿಂತಿತು! ತಮಿಳುನಾಡಿನ ಕರಾವಳಿಯಿಂದ ರಾತ್ರಿ ದೋಣಿಯಲ್ಲಿ ಅರಿಸಿನ ಕಳ್ಳಸಾಗಣೆ ಶುರುವಾಯಿತು. ಮೆಣಸಿನಕಾಯಿ ವ್ಯಾಪಾರಿಗಳಾದ ನಿಮಗೆ ಈ ಸುದ್ದಿ ಆಗಲೇ ಮುಟ್ಟಿರಬೇಕು.

2021ರ ಏಪ್ರಿಲ್‌ನಲ್ಲಿ ರಸಗೊಬ್ಬರದ ಆಮದಿಗೇ ನಿಷೇಧ ಬಂತು. ಸಾವಯವ ಕೃಷಿ ಅಂತ ಹೆಸರು ಕೊಟ್ಟರು. ಡಾಲರ್ ಉಳಿಸುವ ಲೆಕ್ಕವೂ ಅದರ ಹಿಂದಿತ್ತು ಅಂತ ಅಲ್ಲಿನವರೇ ಬಹಳ ಜನ ಹೇಳುತ್ತಾರೆ. ಏಳು ತಿಂಗಳಲ್ಲಿ ನಿಷೇಧ ತೆಗೆದರು, ಆದರೆ ಆಗಬೇಕಾದ್ದು ಆಗಿಹೋಗಿತ್ತು. ಭತ್ತ ಬಿದ್ದು ಅಕ್ಕಿ ತರಿಸಬೇಕಾಯಿತು, ಅದಕ್ಕೂ ಡಾಲರೇ ಬೇಕಲ್ಲ. ಚಹಾದ ಕಥೆ ಇನ್ನೂ ಕಹಿ. 2021ರಲ್ಲಿ ಸುಮಾರು 30 ಕೋಟಿ ಕಿಲೋ ಇದ್ದ ಚಹಾ ಉತ್ಪಾದನೆ 2022ರಲ್ಲಿ ಸುಮಾರು 25 ಕೋಟಿ ಕಿಲೋಗೆ ಇಳಿಯಿತು. ಗೊಬ್ಬರವಿಲ್ಲದ ಗಿಡ, ಡೀಸೆಲ್ ಇಲ್ಲದ ಲಾರಿ, ಕರೆಂಟಿಲ್ಲದ ಕಾರ್ಖಾನೆ ಎಲ್ಲ ಸೇರಿದವು. ಆ ದೇಶಕ್ಕೆ ಡಾಲರ್ ತರುವ ಮುಖ್ಯ ಬೆಳೆಯೇ ಚಹಾ. ಬಿತ್ತನೆ ಬೀಜ ಮಾರಿ ಬಡ್ಡಿ ಕಟ್ಟಿದ ಹಾಗೆ ಆಯಿತು. ವಿದೇಶಿ ಸಾಲ ಉತ್ಪಾದನೆಯನ್ನು ಹೇಗೆ ತಿನ್ನುತ್ತೆ ಅಂತ ಯಾರಾದರೂ ಕೇಳಿದರೆ ನಾನು ಈ ಚಹಾ ಲೆಕ್ಕವನ್ನೇ ಹೇಳೋದು. ಕಂತು ದೊಡ್ಡದೋ ಚಿಕ್ಕದೋ ಅನ್ನೋದಕ್ಕಿಂತ, ಕಂತು ಹೊಂದಿಸಲು ಯಾವ ಆಮದನ್ನು ಕತ್ತರಿಸಿದರು ಅನ್ನೋದು ಮುಖ್ಯ. ಕಾರು ಕತ್ತರಿಸಿದರೆ ಸಿರಿವಂತರು ಗೊಣಗುತ್ತಾರೆ. ಗೊಬ್ಬರ, ಡೀಸೆಲ್, ಯಂತ್ರದ ಬಿಡಿಭಾಗ ಕತ್ತರಿಸಿದರೆ ಮುಂದಿನ ವರ್ಷದ ಗಳಿಕೆಯೇ ಹೋಗುತ್ತದೆ.

ಇಷ್ಟೆಲ್ಲ ಆದಮೇಲೂ 2022ರ ಜನವರಿಯಲ್ಲಿ ಅವರು 50 ಕೋಟಿ ಡಾಲರಿನ ಬಾಂಡ್ ಕಂತನ್ನು ಹೇಳಿದ ದಿನಕ್ಕೆ ಕಟ್ಟಿದರು. ದೇಶದ ಮರ್ಯಾದೆ ಉಳಿಯಿತು ಅಂತ ಹೇಳಿಕೊಂಡರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಎರಡೇ ತಿಂಗಳಲ್ಲಿ ಕಾಗದವಿಲ್ಲದೆ ಶಾಲೆಗಳ ಪರೀಕ್ಷೆ ಮುಂದಕ್ಕೆ ಹೋಯಿತು. ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಕಡಿತ. ಏಪ್ರಿಲ್ 12ಕ್ಕೆ, ಇನ್ನು ಹೊರಸಾಲ ಕಟ್ಟಲಾಗದು ಅಂತ ಘೋಷಿಸಿದರು. ಸ್ವಾತಂತ್ರ್ಯ ಬಂದಮೇಲೆ ಅದೇ ಮೊದಲು. ಬಳಸಲು ಸಿಗುವ ಡಾಲರ್ 5 ಕೋಟಿಗೂ ಕಡಿಮೆ ಇದೆ ಅಂತ ಮೇ ತಿಂಗಳಲ್ಲಿ ಹಣಕಾಸು ಸಚಿವರೇ ಹೇಳಿದರು. ನಿಮ್ಮ ಕಂಟೇನರ್ ಬಂದರಿನಲ್ಲಿ ಕೂತಿದ್ದು ಆ ದಿನಗಳಲ್ಲೇ. ನಿಮ್ಮದೊಂದೇ ಅಲ್ಲ, ಆಹಾರ ತುಂಬಿದ ಸಾವಿರಕ್ಕೂ ಜಾಸ್ತಿ ಕಂಟೇನರುಗಳು ಹಾಗೆ ಸಿಕ್ಕಿಕೊಂಡಿದ್ದವು.

ಈಗ ನಿಮ್ಮ ಮಗನ ಮಾತಿಗೆ ಬರುತ್ತೇನೆ. ಅವನು ಓದಿರುವುದು ಸುಳ್ಳಲ್ಲ. ಹಲವು ದೇಶಗಳ ಲೆಕ್ಕ ಜೋಡಿಸಿ ನೋಡಿದರೆ, ರಫ್ತಿನ ಗಳಿಕೆಯಲ್ಲಿ ಜಾಸ್ತಿ ಪಾಲು ಸಾಲಕ್ಕೆ ಹೋಗುವ ಕಡೆ ಬೆಳವಣಿಗೆ ಕಡಿಮೆ ಇರೋದು ಸಾಮಾನ್ಯ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಫಸಲೆಲ್ಲ ಸಾಲ ಕೊಟ್ಟವನ ಮನೆಗೇ ಹೋಗುತ್ತೆ ಅಂತ ಗೊತ್ತಾದ ರೈತ ಹೊಲಕ್ಕೆ ಯಾಕೆ ಗೊಬ್ಬರ ಹಾಕುತ್ತಾನೆ? ಲ್ಯಾಟಿನ್ ಅಮೆರಿಕದ ಸಾಲದ ಬಿಕ್ಕಟ್ಟು ನೋಡಿ 1988ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್‌ಮನ್ ಬರೆದಿದ್ದು ಹೆಚ್ಚೂಕಡಿಮೆ ಇದನ್ನೇ. ಹೊರೆ ಒಂದು ಮಟ್ಟ ದಾಟಿದರೆ ಬಂಡವಾಳ ಹೂಡುವವರು ಹಿಂದೆ ಸರಿಯುತ್ತಾರೆ. ಆಗ ಸ್ವಲ್ಪ ಸಾಲ ಬಿಟ್ಟುಕೊಡೋದು ಕೊಟ್ಟವರಿಗೂ ಲಾಭವೇ. ಆದರೆ ಕಾರಣ ಯಾವುದು, ಪರಿಣಾಮ ಯಾವುದು ಅಂತ ಬಿಡಿಸೋದು ಕಷ್ಟ. ಮಳೆ ಕೈಕೊಟ್ಟು ರಫ್ತು ಬಿದ್ದರೆ, ಕಂತು ಅಷ್ಟೇ ಇದ್ದರೂ ಗಳಿಕೆಯಲ್ಲಿ ಅದರ ಪಾಲು ಏರುತ್ತೆ ಅಲ್ವಾ? ಅಂಥ ಕಡೆ ಕಂತೇ ಉತ್ಪಾದನೆ ಬೀಳಿಸಿತು ಅನ್ನೋಕಾಗಲ್ಲ.

ಇನ್ನೊಂದು ಮಾತನ್ನೂ ಅವನಿಗೆ ಹೇಳಿ. ಶ್ರೀಲಂಕಾದ ಉತ್ಪಾದನೆ ಶೇ. 7ಕ್ಕೂ ಜಾಸ್ತಿ ಕುಸಿದಿದ್ದು 2022ರಲ್ಲಿ, ಅಂದರೆ ಕಟ್ಟೋದನ್ನು ನಿಲ್ಲಿಸಿದ ವರ್ಷ. ಸೆಪ್ಟೆಂಬರ್‌ನಲ್ಲಿ ಬೆಲೆ ಏರಿಕೆ ಶೇ. 70ರ ಹತ್ತಿರ ಹೋಯಿತು. ಬೈಕಿಗೆ ವಾರಕ್ಕೆ 4 ಲೀಟರ್ ಪೆಟ್ರೋಲ್, ಅದೂ ಫೋನಿನಲ್ಲಿ ಕ್ಯೂಆರ್ ಕೋಡ್ ತೋರಿಸಿದರೆ. ಕಂತು ಬಿಟ್ಟ ದೇಶದ ಬ್ಯಾಂಕಿನ ಎಲ್‌ಸಿಯನ್ನು ಯಾರೂ ಮುಟ್ಟಲ್ಲ, ಮುಂಗಡ ದುಡ್ಡು ಕೇಳುತ್ತಾರೆ. ಅರ್ಜೆಂಟೀನಾ 2001ರ ಡಿಸೆಂಬರ್‌ನಲ್ಲಿ ಕೈ ಎತ್ತಿತು. ಮರುವರ್ಷ ಉತ್ಪಾದನೆ ಶೇ. 11ರಷ್ಟು ಬಿತ್ತು. 2003ರಿಂದ ಕೆಲವು ವರ್ಷ ಚೆನ್ನಾಗೇ ಬೆಳೆಯಿತು, ಅದನ್ನೂ ಹೇಳಬೇಕು. ಆದರೆ ಸಾಲದ ಕೇಸುಗಳು 2016ರವರೆಗೂ ಅಮೆರಿಕದ ಕೋರ್ಟುಗಳಲ್ಲಿ ನಡೆದವು. 2012ರಲ್ಲಿ ಘಾನಾಕ್ಕೆ ಹೋಗಿದ್ದ ಅವರ ನೌಕಾಪಡೆಯ ಹಡಗನ್ನೇ ಸಾಲ ಕೊಟ್ಟವರು ಜಪ್ತಿ ಮಾಡಿಸಿದ್ದರು.

ನಿಮ್ಮ ತಮ್ಮನ "ಹೊಟ್ಟೆ ಕಟ್ಟಿ ತೀರಿಸೋಣ" ಅನ್ನೋದನ್ನು ಅಕ್ಷರಶಃ ಮಾಡಿ ತೋರಿಸಿದ ದೇಶವೂ ಒಂದಿದೆ, ರೊಮೇನಿಯಾ. 1980ರ ದಶಕದಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕು ಸುಮಾರು ಸಾವಿರ ಕೋಟಿ ಡಾಲರ್ ಸಾಲವನ್ನು ಪೂರ್ತಿ ತೀರಿಸುತ್ತೇನೆ ಅಂತ ಹಠ ಹಿಡಿದರು. ಬೆಳೆದ ಆಹಾರ ರಫ್ತಿಗೆ ಹೋಯಿತು, ಜನಕ್ಕೆ ರೇಷನ್. ಚಳಿಗಾಲದಲ್ಲಿ ಮನೆಗೆ ಬಿಸಿ ಇಲ್ಲ. ಟಿವಿ ದಿನಕ್ಕೆ ಎರಡು ಗಂಟೆ. ಹೊಸ ಯಂತ್ರ ತರಿಸುವುದು ನಿಂತು ಕಾರ್ಖಾನೆಗಳು ಹಳತಾದವು. 1989ರ ಏಪ್ರಿಲ್‌ನಲ್ಲಿ ಸಾಲ ಪೂರ್ತಿ ತೀರಿತು ಅಂತ ಘೋಷಣೆ ಆಯಿತು. ಡಿಸೆಂಬರ್‌ನಲ್ಲಿ ಜನ ದಂಗೆ ಎದ್ದರು, ಚೌಶೆಸ್ಕು ದಂಪತಿಯನ್ನು ಗುಂಡಿಟ್ಟು ಕೊಂದರು.

ಇವೆರಡರ ನಡುವೆ ದೇಶಗಳು ಸಾಮಾನ್ಯವಾಗಿ ಹಿಡಿಯುವ ದಾರಿ ಸಾಲ ತೀರಿಸಲು ಸಾಲ. ನಿಮ್ಮಂಥ ವ್ಯಾಪಾರಸ್ಥರಿಗೆ ಇದು ಹೊಸದಲ್ಲ, ಬಡ್ಡಿ ಹಿಡಿತದಲ್ಲಿದ್ದರೆ ತಪ್ಪೂ ಅಲ್ಲ. ಕೀನ್ಯಾ 2014ರಲ್ಲಿ ಶೇ. 7ಕ್ಕಿಂತ ಕಡಿಮೆ ಬಡ್ಡಿಗೆ ತಂದ ಡಾಲರ್ ಸಾಲದ ಅಸಲು 2024ರ ಜೂನ್‌ಗೆ ಬರುವುದಿತ್ತು. ಅದನ್ನು ತೀರಿಸಲು ಫೆಬ್ರವರಿಯಲ್ಲೇ ಹೊಸ ಸಾಲ ತಂದರು. ಬಡ್ಡಿ ಶೇ. 9.75. ಕಂತು ತಪ್ಪಲಿಲ್ಲ, ಆದರೆ ಆ ಬಡ್ಡಿಗೆ ರೂಪಾಯಿ, ಅಂದರೆ ಅವರ ಶಿಲ್ಲಿಂಗ್, ಎಲ್ಲಿಂದ ಬರಬೇಕು? ಹೊಸ ತೆರಿಗೆಯಿಂದ. ಜೂನ್ 25ರಂದು ಯುವಕರು ನೈರೋಬಿಯ ಸಂಸತ್ತಿಗೇ ನುಗ್ಗಿದರು. ತೆರಿಗೆ ಮಸೂದೆ ವಾಪಸ್ ಆಯಿತು. ಸಾಲ ಮುಂದಕ್ಕೆ ಹೋಗಿದೆ, ಅಷ್ಟೇ.

ಇಷ್ಟು ವರ್ಷ ಈ ಕೆಲಸ ಮಾಡಿದವನಾಗಿ ನನ್ನ ಅಭಿಪ್ರಾಯ ಕೇಳಿದರೆ, ಡಾಲರ್ ಇನ್ನೂ ಸ್ವಲ್ಪ ಕೈಯಲ್ಲಿ ಇರುವಾಗಲೇ ಸಾಲ ಕೊಟ್ಟವರನ್ನು ಕರೆದು ಕೂತು ಮಾತಾಡೋದು ಲೇಸು. ಶ್ರೀಲಂಕಾ ಅದನ್ನು ಮಾಡಿತು, ಆದರೆ ಬೊಕ್ಕಸ ಬರಿದಾದ ಮೇಲೆ. 2023ರ ಮಾರ್ಚ್‌ನಲ್ಲಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸುಮಾರು 300 ಕೋಟಿ ಡಾಲರಿಗೆ ಒಪ್ಪಿತು. ಭಾರತ, ಜಪಾನ್, ಫ್ರಾನ್ಸ್ ಮುಂದಾಳತ್ವದ, ಸಾಲ ಕೊಟ್ಟ ದೇಶಗಳ ಗುಂಪಿನ ಜೊತೆ ಒಪ್ಪಂದ ಆಗಿದ್ದು 2024ರ ಜೂನ್‌ನಲ್ಲಿ, ಬಾಂಡ್ ಕೊಂಡವರ ಜೊತೆ ಆಗಿದ್ದು ಡಿಸೆಂಬರ್‌ನಲ್ಲಿ. ಅವರು ಅಸಲಿನಲ್ಲಿ ಶೇ. 27 ಬಿಟ್ಟರು. ಅದರಲ್ಲಿ ನನಗೆ ಹಿಡಿಸಿದ ಒಂದು ಕರಾರಿದೆ: ಕೆಲವು ಬಾಂಡುಗಳಲ್ಲಿ ಕೊಡಬೇಕಾದ ಮೊತ್ತ ದೇಶದ ಜಿಡಿಪಿ ನೋಡಿಕೊಂಡು ಏರುತ್ತದೆ, ಇಳಿಯುತ್ತದೆ. ಫಸಲು ಬಂದರೆ ಜಾಸ್ತಿ, ಬರದಿದ್ದರೆ ಕಡಿಮೆ. ಕೋರುಪಾಲಿನ ಗೇಣಿ ಇದ್ದ ಹಾಗೆ.

ಇದೇನೂ ಪುಕ್ಕಟೆ ಸಿಗಲಿಲ್ಲ. ವ್ಯಾಟ್ ಶೇ. 8ರಿಂದ ಹಂತ ಹಂತವಾಗಿ 18ಕ್ಕೆ ಏರಿತು. ಕರೆಂಟ್ ದರ 2022ರ ಆಗಸ್ಟ್‌ನಲ್ಲಿ ಒಂದೇ ಏಟಿಗೆ ಶೇ. 75 ಜಾಸ್ತಿಯಾಯಿತು. ನೌಕರರ ಭವಿಷ್ಯ ನಿಧಿಯ ಬಾಂಡುಗಳಿಗೂ ಕಡಿಮೆ ಬಡ್ಡಿ ಒಪ್ಪಿಸಿದರು. ಬಡತನ ಒಂದೇ ವರ್ಷದಲ್ಲಿ ಹೆಚ್ಚೂಕಡಿಮೆ ಎರಡರಷ್ಟಾಯಿತು ಅಂತ ವಿಶ್ವಬ್ಯಾಂಕಿನ ಲೆಕ್ಕ. 2024ರಲ್ಲಿ ಉತ್ಪಾದನೆ ಶೇ. 5 ಬೆಳೆಯಿತು, ಬೊಕ್ಕಸದಲ್ಲಿ 600 ಕೋಟಿ ಡಾಲರ್ ಸೇರಿತು. ಕಂತಿನ ಕಾಟ ಇಲ್ಲದ ಆ ಎರಡೂವರೆ ವರ್ಷದ ಬಿಡುವು ಇದಕ್ಕೆ ನೆರವಾಯಿತು. ದೊಡ್ಡ ಕಂತುಗಳು 2028ರಿಂದ ಮತ್ತೆ ಶುರು.

ನಮ್ಮ ದೇಶದ ಮಾತು. 2025ರ ಮಾರ್ಚ್ ಕೊನೆಗೆ ನಮ್ಮ ಹೊರಸಾಲ ಸುಮಾರು 73,600 ಕೋಟಿ ಡಾಲರ್. ಟಿವಿಯಲ್ಲಿ ಈ ಅಂಕಿಯನ್ನು ಕೆಂಪಕ್ಷರದಲ್ಲಿ ತೋರಿಸುತ್ತಾರೆ. ಅದು ಜಿಡಿಪಿಯ ಶೇ. 19. ಸರ್ಕಾರದ ನೇರ ಪಾಲು ಅದರಲ್ಲಿ ಕಾಲು ಭಾಗಕ್ಕೂ ಕಡಿಮೆ. ಉಳಿದದ್ದು ಕಂಪನಿಗಳದ್ದು, ಬ್ಯಾಂಕುಗಳದ್ದು. ಅನಿವಾಸಿಗಳ ಠೇವಣಿಯೂ ಇದರಲ್ಲೇ ಬರುತ್ತೆ. ಒಟ್ಟು ಸಾಲದಲ್ಲಿ ಸುಮಾರು ಮೂರನೇ ಒಂದು ಭಾಗ ರೂಪಾಯಿಯಲ್ಲೇ ಇದೆ, ಅದಕ್ಕೆ ಡಾಲರ್ ಗಂಡಾಂತರ ಅಷ್ಟಾಗಿ ಇಲ್ಲ. 1991ರಲ್ಲಿ ನೂರಕ್ಕೆ 35 ಸಾಲಕ್ಕೆ ಹೋಗುತ್ತಿತ್ತು ಅಂದೆನಲ್ಲ, 2025ರ ಮಾರ್ಚ್‌ಗೆ ಅದು 6.6. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು, ಗಲ್ಫಿನಿಂದ ದುಡ್ಡು ಕಳಿಸುವ ನಮ್ಮ ಕರಾವಳಿಯವರು, ಇವರೆಲ್ಲ ತರುವ ಡಾಲರಿನಿಂದಲೇ ಈ ಲೆಕ್ಕ ಹಗುರಾಗಿರುವುದು. ಹಾಗಂತ ಮೈಮರೆಯೋ ಹಾಗಿಲ್ಲ. ಕಚ್ಚಾತೈಲ ನಾವು ಬಹುಪಾಲು ಹೊರಗಿನಿಂದಲೇ ತರಿಸುತ್ತೇವೆ. ರೂಪಾಯಿಯಲ್ಲಿ ಗಳಿಸಿ ಡಾಲರಿನಲ್ಲಿ ಸಾಲ ಮಾಡಿರುವ, ವಿನಿಮಯ ದರಕ್ಕೆ ಮುನ್ನೆಚ್ಚರಿಕೆ ಮಾಡಿಕೊಳ್ಳದ ಕಂಪನಿಗಳಿಗೆ ರೂಪಾಯಿ ಜಾರಿದಾಗ ಏನಾಗುತ್ತೆ ಅಂತ 2013ರಲ್ಲಿ ನೋಡಿದ್ದೇವೆ. ನಾನಾದರೆ ಸಾಲದ ಮೊತ್ತ ನೋಡಲ್ಲ. ಗಳಿಕೆಯಲ್ಲಿ ಕಂತಿನ ಪಾಲು ಎಷ್ಟು, ವರ್ಷದೊಳಗೆ ತೀರಿಸಬೇಕಾದ್ದು ಎಷ್ಟು, ಇವೆರಡನ್ನು ನೋಡುತ್ತೇನೆ.

ಕೊನೆಗೆ ನಿಮ್ಮ ಮೆಣಸಿನಕಾಯಿ. ಆ ಗಿರಾಕಿ ಐದು ತಿಂಗಳಾದರೂ ದುಡ್ಡು ಕಳಿಸಿದ್ದಾರೆ, ಅಂಥ ಕಾಲದಲ್ಲಿ. ಮನುಷ್ಯ ನಂಬಿಕಸ್ಥ. ಆದರೆ ನಿಮ್ಮ ಅಪಾಯ ಇರೋದು ಅವರ ನಿಯತ್ತಿನಲ್ಲಿ ಅಲ್ಲ, ಅವರ ಬ್ಯಾಂಕಿನ ಡಾಲರಿನಲ್ಲಿ. ಹಾಗಾಗಿ ಬರೀ ಉದ್ರಿ ಬೇಡ. ಅವರ ಬ್ಯಾಂಕು ತೆರೆದ ಎಲ್‌ಸಿಗೆ ನಮ್ಮ ಕಡೆಯ ಒಂದು ಬ್ಯಾಂಕಿನ ಕನ್ಫರ್ಮೇಶನ್ ಹಾಕಿಸಿ. ಆಗ ಅಲ್ಲಿ ಏನೇ ಆದರೂ ದುಡ್ಡು ಕೊಡುವ ಹೊಣೆ ಇಲ್ಲಿನ ಬ್ಯಾಂಕಿನದು. ಅದಕ್ಕೆ ಶುಲ್ಕ ಇದೆ, ದರ ಹೇಳುವಾಗಲೇ ಸೇರಿಸಿಕೊಳ್ಳಿ. ಉದ್ರಿ ಕೊಡಲೇಬೇಕಾದರೆ ಇಸಿಜಿಸಿ (ರಫ್ತುದಾರರಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ) ವಿಮೆ ಮಾಡಿಸಿ. ಗಿರಾಕಿ ದಿವಾಳಿಯಾಗದೆ ದೇಶವೇ ಡಾಲರ್ ಬಿಡದಿದ್ದರೂ ಅದರಲ್ಲಿ ಪರಿಹಾರ ಕೇಳಬಹುದು, ಆದರೆ ಪಾಲಿಸಿಯಲ್ಲಿ ಶ್ರೀಲಂಕಾಕ್ಕೆ ಈಗ ಎಷ್ಟು ಮಿತಿ ಇದೆ ಅಂತ ಮೊದಲೇ ವಿಚಾರಿಸಿ. 2022ರ ಜುಲೈನಿಂದ ರಿಸರ್ವ್ ಬ್ಯಾಂಕು ನಮ್ಮ ರೂಪಾಯಿಯಲ್ಲೇ ವ್ಯವಹಾರ ಮುಗಿಸುವ ದಾರಿಯನ್ನೂ ತೆರೆದಿದೆ. ನಿಮ್ಮ ಗಿರಾಕಿಯ ಬ್ಯಾಂಕಿಗೆ ಅಂಥ ಖಾತೆ ಇದೆಯಾ ಅಂತ ಒಂದು ಫೋನ್ ಮಾಡಿ ಕೇಳಿ. ಇದೆ ಅಂದರೆ ಡಾಲರಿನ ಗೋಜೇ ಬೇಡ, ಮೊದಲ ಸಲಕ್ಕೆ ಅರ್ಧ ಕಂಟೇನರ್ ಕಳಿಸಿ ನೋಡಿ.